ಆಯುಷ್ಮಾನ್ ಕಾರ್ಡ್ ಇದ್ರೂ ಬಿಲ್ ಕಟ್ಟೋ ಹಾಗಾಗ್ಬಾರ್ದು ಅಂದ್ರೆ

ಕಾರ್ಡ್ ಮಾಡಿಸಿ ಬೀರುನಲ್ಲಿಟ್ರೆ ಸಾಲಲ್ಲ ಕಣ್ರೀ. ಆಪರೇಷನ್ ಅಂದ ತಕ್ಷಣ ಪ್ರೈವೇಟ್‌ಗೆ ಓಡ್ಬೇಡಿ, ಮೊದ್ಲು ಆಧಾರ್, ರೇಷನ್ ಕಾರ್ಡ್ ಹಿಡ್ಕೊಂಡು ತಾಲ್ಲೂಕು ಇಲ್ಲಾ ಜಿಲ್ಲಾಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದ್ರೆ ರೆಫರಲ್ ಬರೆಸ್ಕೊಳ್ಳಿ, ಆ ಚೀಟಿ ಇಲ್ದೆ ಪ್ರೈವೇಟಲ್ಲಿ ಸ್ಕೀಮ್ ನಡೆಯಲ್ಲ. ಹಾರ್ಟ್ ಅಟ್ಯಾಕ್ ಥರ ಎಮರ್ಜೆನ್ಸಿಗೆ ನೇರ ಹೋಗ್ಬಹುದು. ಬಿಲ್ಲಿಂಗ್ ಕೌಂಟರಿಗಿಂತ ಮುಂಚೆ ಆರೋಗ್ಯಮಿತ್ರ (ಆಸ್ಪತ್ರೆಲಿ ಈ ಸ್ಕೀಮ್ ಕೆಲಸ ನೋಡ್ಕೊಳ್ಳೋರು) ಡೆಸ್ಕ್ ಹುಡುಕಿ, "ಇದಕ್ಕೆ ಅಪ್ರೂವಲ್ ಬಂತಾ" ಅಂತ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಫ್ರೀ, ಎಪಿಎಲ್‌ಗೆ ಆ ಚಿಕಿತ್ಸೆಗೆ ಸ್ಕೀಮಲ್ಲಿ ನಿಗದಿ ಮಾಡಿರೋ ಪ್ಯಾಕೇಜ್ ರೇಟಿನ 30% ಮಾತ್ರ ಸರ್ಕಾರ ಕೊಡತ್ತೆ.

ನನಗೇನೋ ರೆಫರಲ್ ನಿಯಮ ಸರಿನೇ ಅನ್ಸತ್ತೆ, ಇಲ್ದಿದ್ರೆ ಸರ್ಕಾರಿ ಆಸ್ಪತ್ರೆ ಕೇಳೋರೇ ಇರ್ತಿರ್ಲಿಲ್ಲ, ಆದ್ರೆ ಕೂಲಿ ಬಿಟ್ಟು ಬರೋರನ್ನ ಒಂದು ಸಹಿಗೆ ಎರಡ್ಮೂರು ಸಲ ಅಲೆಸೋದು ಅನ್ಯಾಯ. ಯಾರಾದ್ರೂ ದುಡ್ಡು ಕೇಳಿದ್ರೆ ರಸೀದಿ ಇಸ್ಕೊಂಡು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಹಚ್ಚಿ.