ಸಂಧಿವಾತ ಮೊದಲ ಇತ್ತು, ಮ್ಯಾಲ ಪಿತ್ತದ ಕಲ್ಲು: ನನ್ನ ಅನುಭವ

ನನಗ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರ ಕೀಲು ಬಾಯೋ ಸಂಧಿವಾತ ಐತ್ರಿ, ಭಾಳ ವರ್ಷದಿಂದ. ಗುಳೇದಗುಡ್ಡದಾಗ ಮನ್ಯಾಗ ಹೊಲಿಗಿ ಮಾಡ್ತೀನಿ, ಖಣದ ಕುಪ್ಪಸ ಜಾಸ್ತಿ, ಅಂದ್ರ ಕೈಬೆರಳ ಮ್ಯಾಲ ಹೊಟ್ಟಿ ನಡಿಯೋದು, ಈ ರೋಗ ಹಿಡದಿದ್ದೂ ಅವ ಬೆರಳಿಗೆ. ಅದರ ಜೋಡಿ ಹೆಂಗ ಬಾಳೇವು ಮಾಡ್ಬೇಕು ಅನ್ನೋದು ಒಂದು ಹದಕ್ಕ ಬಂದಿತ್ತು, ಅಷ್ಟರಾಗ ಇದು ಬಂತು.

ಎಣ್ಣಿ ಪದಾರ್ಥ ತಿಂದ ರಾತ್ರಿ, ಮಿರ್ಚಿ ಭಜಿ ಇರ್ಲಿ ಯಾರದರ ಮದಿವಿ ಊಟ ಇರ್ಲಿ, ಬಲಗಡಿ ಪಕ್ಕೆಲುಬಿನ ಕೆಳಗ ಹಿಡ್ಕೊಂಡು ಬೆನ್ನಿಗೆ ಹೋಗಿ ಹೆಗಲಿಗೆ ಬಡಿಯೋದು, ವಾಂತಿ ಬಂದಂಗ ಆಗೋದು, ತಾಸುಗಟ್ಲೆ ಇದ್ದು ತಾನ ಇಳಿಯೋದು. ಎಲ್ಲಾರೂ ಗ್ಯಾಸ್ ಅಂದ್ರು. ನಾನು ಕೀಲುನೋವಿಗೆ ಗುಳಗಿ ತಗೊಳ್ಳಾಕಿ ಆದ್ರಿಂದ ಅದರ ಅಸಿಡಿಟಿ ಇರಬೇಕು ಅಂತಾನೂ ಅಂದ್ರು. ಬಾಗಲಕೋಟಿ ನವನಗರದಾಗ ಖಾಲಿ ಹೊಟ್ಟಿಲೆ ಸ್ಕ್ಯಾನಿಂಗ್ ಮಾಡಿಸಿದ್ವಿ (ಉಂಡು ಹೋದ್ರ ಪಿತ್ತಕೋಶ ಕುಗ್ಗಿಬಿಡ್ತೈತಿ, ಕಲ್ಲು ಸರಿ ಕಾಣಂಗಿಲ್ಲ), ರಿಪೋರ್ಟಿನ್ಯಾಗ ಸಣ್ಣು ಸಣ್ಣು ಕಲ್ಲು ಭಾಳ ಅದಾವ ಅಂತ ಬಂತು. ಸರ್ಜನ್ನರು ಹೇಳಿದ್ದು ಇಷ್ಟ, ಕಲ್ಲು ಇದ್ದವರಿಗೆಲ್ಲಾ ಆಪರೇಷನ್ ಬೇಕಂತಿಲ್ಲವ್ವಾ, ಸುಮ್ನ ಕುಂತಿದ್ರ ಬಿಡ್ತಿದ್ವಿ, ನಿಮಗ ತ್ರಾಸ ಕೊಡಾಕ ಹತ್ಯಾವು, ಸಣ್ಣು ಕಲ್ಲು ಜಾರಿ ಪಿತ್ತದ ನಳಗಿಗೆ ಹೋಗಿ ಸಿಕ್ಕೊಂಡ್ರ ಕಾಮಾಲಿ ಆಗ್ತೈತಿ, ಪ್ಯಾಂಕ್ರಿಯಾಸ್ ಬಾವು ಬರ್ತೈತಿ, ಅದಕ್ಕ ತಗಿಯೋಣು.

ಆಪರೇಷನ್ ಅಂದ ಕೂಡ್ಲೆ ಮನ್ಯಾಗ ಎಲ್ಲಾರ ಮುಖ ಸಣ್ಣು ಆತು. ನನಗ ಹೆದರಿಕಿ ಇರಲಿಲ್ಲ ಅಂತಲ್ಲ, ಆದ್ರ ಒಳಗ ಒಂದು ಬ್ಯಾರೆ ವಿಚಾರ ಬಂತು, ಇದು ಮುಗಿಯೋ ರೋಗ. ಸಂಧಿವಾತದ ಡಾಕ್ಟರ್ ನನಗ ಮೊದಲನೇ ದಿನಾನ ಹೇಳಿಬಿಟ್ಟಿದ್ರು, ಇದು ಪೂರಾ ಹೋಗಂಗಿಲ್ಲ, ಹತೋಟಿಯಾಗ ಇಟ್ಕೊಂಡು ಹೋಗ್ಬೇಕು ಅಂತ. ಈ ಪಿತ್ತಕೋಶ ಹಂಗಲ್ಲ, ತಗದ್ರ ಆತು, ಅದಕ್ಕ ತಾರೀಖ ಐತಿ. ವರ್ಷಾನುಗಟ್ಲೆ ತಾರೀಖ ಇಲ್ಲದ ರೋಗ ಅನುಭವಿಸಿದವ್ರಿಗೆ ತಾರೀಖ ಇರೋದು ಎಷ್ಟು ದೊಡ್ಡದು ಅಂತ ಗೊತ್ತು. ನಮ್ಮನಿಯವ್ರಿಗೆ ಹೇಳಿದ್ರ ನಿನಗ ತಲಿ ಕೆಟ್ಟೈತಿ ಅಂತ ನಕ್ರು.

ಪಾಸಿಟಿವ್ ಇರು ಪಾಸಿಟಿವ್ ಇರು ಅಂತ ಫೋನ್ ಮಾಡಿದವ್ರೆಲ್ಲಾ ಹೇಳಿದ್ರು. ಮುಂಜಾನೆ ಎದ್ದಾಗ ಕೈ ಮಡಚಾಕ ಬರಂಗಿಲ್ಲ, ತಾಸು ಬೇಕು ಬೆರಳು ಸಡ್ಲ ಆಗಾಕ, ಆವಾಗ ನಗಮುಖ ಮಾಡು ಅಂದ್ರ ಯಾರಿಂದ ಆಗ್ತೈತಿ ಹೇಳ್ರಿ. ಅತ್ತೀನಿ, ಅಡಗಿಮನ್ಯಾಗ ನಿಂತು ಅತ್ತೀನಿ, ಅದರಿಂದ ಏನೂ ಕೆಟ್ಟದಾಗಲಿಲ್ಲ. ನಾ ಮಾಡಿದ್ದು ಏನಂದ್ರ, ಗಿರಾಕಿ ಅಳತಿ ಬರ್ಕೊಳ್ಳೋ ಪುಸ್ತಕದ ಹಿಂದಿನ ಹಾಳ್ಯಾಗ ತಲ್ಯಾಗಿದ್ದ ಚಿಂತಿ ಎಲ್ಲಾ ಬರದೆ, ಒಂದೊಂದರ ಮುಂದ ಇದನ್ನ ಯಾರಿಗೆ ಕೇಳ್ಬೇಕು ಅಂತ ಬರದೆ. ಸರ್ಜನ್, ಸಂಧಿವಾತದ ಡಾಕ್ಟರ್, ಅನಸ್ತೇಶಿಯಾದವ್ರು, ನೆಗೆಣ್ಣಿ. ಯಾರ ಹೆಸರೂ ಬರಿಯಾಕ ಬರದ ಚಿಂತಿ ಎಷ್ಟು ಉಳದ್ವು ಅಂತ ನೋಡಿದ್ರ ಭಾಳ ಕಡಿಮಿ, ಅವನ್ನ ಬನಶಂಕರಿ ತಾಯಿಗೆ ಬಿಟ್ಟೆ.

ಈಗ ಮುಖ್ಯ ಮಾತು. ಹಳೇ ರೋಗ ಇದ್ದವ್ರಿಗೆ ಆಪರೇಷನ್ ಅಂದ್ರ ಹೊಟ್ಟಿ ಒಂದ ಅಲ್ಲ, ನಿಮ್ಮ ಗುಳಗಿ ಚೀಟಿ ಪೂರಾ ಎಲ್ಲಾ ಡಾಕ್ಟರ್ ಮುಂದ ಇಡ್ರಿ. ನಾನು ಬೆಳಗಾವಿಯ ಸಂಧಿವಾತದ ಡಾಕ್ಟರಿಗೆ ಹೋಗಿ ಕೇಳಿ ಅವರ ಕೈಲೆ ಚೀಟಿ ಬರಿಸ್ಕೊಂಡು ಬಂದೆ. ವಾರಕ್ಕೊಮ್ಮೆ ತಗೊಳ್ಳೋ ಮೆಥೋಟ್ರೆಕ್ಸೇಟ್ ನಿಲ್ಲಸೋದು ಬ್ಯಾಡ, ಜ್ವರ-ಕೀವು ಏನಾರ ಆದ್ರ ಮಾತ್ರ ಹೇಳ್ರಿ ಅಂದ್ರು, ಅದು ಲಿವರಿಗೆ ತಾಗೋ ಔಷಧ ಆದ್ರಿಂದ ರಕ್ತದ ಎಣಿಕಿ, ಲಿವರ್ ಟೆಸ್ಟ್ ಹೊಸಾದು ಮಾಡಿಸ್ರಿ ಅಂದ್ರು. ಇದು ನನಗ ಹೇಳಿದ್ದು, ಸಂಧಿವಾತಕ್ಕ ಬಯಾಲಾಜಿಕ್ ಅನ್ನೋ ಇಂಜೆಕ್ಷನ್ ತಗೊಳ್ಳೋರಿಗೆ ಲೆಕ್ಕ ಬ್ಯಾರೆ ಇರ್ತೈತಿ, ನಿಮ್ಮ ಡಾಕ್ಟರಿಗೆ ಕೇಳ್ಕೊಳ್ರಿ. ಸ್ಟಿರಾಯ್ಡ್ ಗುಳಗಿ ಅಂತೂ ಆಪರೇಷನ್ ಐತಿ ಅಂತ ನಿಮ್ಮಷ್ಟಕ್ಕ ನೀವ ಬಿಡಂಗಿಲ್ಲ. ವರ್ಷಾನುಗಟ್ಲೆ ಹೊರಗಿಂದ ತಗೊಂಡವ್ರ ದೇಹ ತನ್ನ ಸ್ವಂತ ಸ್ಟಿರಾಯ್ಡ್ ಮಾಡೋದು ಕಡಿಮಿ ಮಾಡಿರ್ತೈತಿ, ಆಪರೇಷನ್ ಹೊತ್ತಿನ್ಯಾಗ ಅದು ಹೆಚ್ಚಿಗಿ ಬೇಕಾಗ್ತೈತಿ, ಸಿಗಲಿಲ್ಲಂದ್ರ ಬಿಪಿ ಬೀಳ್ತೈತಿ. ಅದಕ್ಕ ನನಗ ಆವತ್ತು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ರು.

ನನಗ ಆಶ್ಚರ್ಯ ಆಗಿದ್ದು ಅನಸ್ತೇಶಿಯಾ ಡಾಕ್ಟರ್ ಹೊಟ್ಟಿ ಬಿಟ್ಟು ಕುತ್ತಿಗಿ ಎಕ್ಸ್‌ರೇ ಬರದಾಗ, ಅದೂ ಗೋಣು ಮುಂದ ಬಗ್ಗಿಸಿ ಒಂದು, ಹಿಂದ ಬಗ್ಗಿಸಿ ಒಂದು. ಸಂಧಿವಾತ ಕುತ್ತಿಗಿ ಮ್ಯಾಲಿನ ಎಲುಬಿನ ಕೀಲನ್ನೂ ಸಡ್ಲ ಮಾಡಿರಬಹುದಂತ, ಉಸಿರಿನ ಟ್ಯೂಬ್ ಹಾಕೋ ಮುಂದ ಗೋಣು ಹಿಂದ ಬಗ್ಗಿಸ್ತಾರ, ಗೊತ್ತಿಲ್ದ ಜೋರಾಗಿ ಬಗ್ಗಿಸಿದ್ರ ಅಪಾಯ. ಬಾಯಿ ಎಷ್ಟು ತೆಗೀತೈತಿ ಅಂತಾನೂ ನೋಡಿದ್ರು, ದವಡಿ ಕೀಲೂ ಬಿಗಿ ಆಗಿರ್ತೈತೆಲ್ಲ. ನನ್ನ ಕುತ್ತಿಗಿ ಸುದ್ದ ಇತ್ತು. ಆದ್ರ ಸಂಧಿವಾತ ಇದ್ದವ್ರು ಯಾವ ಆಪರೇಷನ್ನಿಗೆ ಹೋದ್ರೂ ಈ ಮಾತು ನೀವ ಬಾಯಿಬಿಟ್ಟು ಹೇಳ್ರಿ, ಅವರಾಗಿ ಕೇಳ್ತಾರ ಅಂತ ಕಾಯಬ್ಯಾಡ್ರಿ.

ನಡುವ ಮನಿ ಮದ್ದಿನವ್ರ ಕಾಟ. ಬಾಜು ಮನಿ ಅವ್ವಾರು ಬಾಳಿದಿಂಡಿನ ರಸ ತಂದ್ರು, ಅದು ಕಿಡ್ನಿ ಕಲ್ಲಿಗೆ ಕುಡಿಯೋದ್ರಿ, ಮೂತ್ರದ ದಾರಿ ಬ್ಯಾರೆ ಪಿತ್ತದ ದಾರಿ ಬ್ಯಾರೆ ಅಂದೆ. ಇನ್ನೊಬ್ರು ಆಲಿವ್ ಎಣ್ಣಿಗೆ ಲಿಂಬಿರಸ ಹಾಕಿ ಕುಡದ್ರ ಹಸರು ಕಲ್ಲು ಬೀಳ್ತಾವು ಅಂತ ವಿಡಿಯೋ ಕಳಿಸಿದ್ರು. ಸರ್ಜನ್ನರಿಗೆ ತೋರಿಸಿದ್ರ, ಬೀಳೋದು ಕಲ್ಲಲ್ಲವ್ವಾ, ಅದ ಎಣ್ಣಿ ಹೊಟ್ಟ್ಯಾಗ ಸಾಬೂನಿನಗತೆ ಗಟ್ಟಿಯಾಗಿ ಬಂದಿರ್ತೈತಿ ಅಂದ್ರು. ನಮ್ಮ ದೊಡ್ಡವ್ವಗ ಹಿಂದಕ ಇದ ಆಪರೇಷನ್ ಆಗಿತ್ತು, ಪಕ್ಕೆಲುಬಿನ ಕೆಳಗ ಉದ್ದಕ ಗಾಯ, ಅದನ್ನ ನೋಡಿದ್ದಕ್ಕ ನನ್ನ ಹೆದರಿಕಿ ಹೆಚ್ಚಾಗಿತ್ತು. ಮಗಳು ಹುಡುಕಿ ಹೇಳಿದ್ಲು, ಹೊಟ್ಟಿ ಕೊಯ್ದು ಪಿತ್ತಕೋಶ ತಗಿಯೋದು 1882ರಾಗ ಬರ್ಲಿನ್ನಿನ್ಯಾಗ ಶುರುವಾಗಿದ್ದು, ಸಣ್ಣು ತೂತಿನಿಂದ ತಗಿಯೋದು 1985ರಾಗ ಜರ್ಮನಿಯವರ ಮೊದಲ ಮಾಡಿದ್ದು. ನನಗೂ ತೂತಿನ ಆಪರೇಷನ್ನ, ನಾಕು ತೂತು.

ದುಡ್ಡಿನ ವಿಷಯ ಸಣ್ಣದಾಗಿ: ನಮ್ದು ಬಿಪಿಎಲ್ ಕಾರ್ಡ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಮನಿಗೆ 5 ಲಕ್ಷದ ತನಕ ಐತಿ, ಆದ್ರ ಸರ್ಕಾರಿ ದವಾಖಾನಿ ರೆಫರಲ್ ಬೇಕೋ ಏನು ಅನ್ನೋದನ್ನ ಅಡ್ಮಿಟ್ ಆಗೋಕಿಂತ ಮೊದಲ ಕೇಳ್ಕೊಳ್ರಿ.

ಮನ್ಯಾಗ ಮಾಡಿದ ತಯಾರಿ ಎಲ್ಲಾಕ್ಕಿಂತ ಉಪಯೋಗಕ್ಕ ಬಂತು. ಹೊಟ್ಟಿ ಕೊಯ್ದವ್ರಿಗೆ ಕೈ ಊರಿ ಏಳ್ರಿ ಅಂತಾರ, ನಮ್ಮಂಥವ್ರಿಗೆ ಮಣಿಕಟ್ಟು ಊರಾಕ ಬರಂಗಿಲ್ಲ. ಅದಕ್ಕ ಮಗ್ಗಲಾಗಿ ಹೊಳ್ಳಿ, ಕಾಲು ಕೆಳಗ ಬಿಟ್ಟು, ಮೊಳಕೈ ಊರಿ ಏಳೋದನ್ನ ಮೊದಲ ರೂಢಿ ಮಾಡ್ಕೊಂಡೆ. ಮುಂದ ತೆರೆಯೋ ನೈಟಿ ಹೊಲ್ಕೊಂಡೆ, ಗುಂಡಿ ಬ್ಯಾಡ, ಟಿಚ್ ಬಟನ್ನೂ ಬ್ಯಾಡ, ವೆಲ್ಕ್ರೋ ಪಟ್ಟಿ, ಬಾತ ಬೆರಳಿಗೆ ಅದ ಸಲೀಸು. ಥರ್ಮಾಸಿನ್ಯಾಗ ಬಿಸಿನೀರು, ಮುಂಜಾನೆ ಕೈ ಅದ್ದಾಕ. ಸಲೈನ್ ಸೂಜಿ ಮಣಿಕಟ್ಟಿಗೆ ಬ್ಯಾಡ ಸ್ವಲ್ಪ ಮ್ಯಾಲ ಹಾಕ್ರಿ ಸಿಸ್ಟರ್ ಅಂತ ಮೊದಲ ಹೇಳಿದೆ, ಪಾಪ ಕೇಳಿದ್ರು. ಮದಿವಿ ಸೀಸನ್ನಿನ ಕುಪ್ಪಸ ನೆಗೆಣ್ಣಿಗೆ ಒಪ್ಪಿಸಿದೆ, ಆಕಿ ಕೈಗುಂಡಿ ನನಕ್ಕಿಂತ ಛಲೋ ಹಚ್ಚತಾಳ, ಗಿರಾಕಿ ಮುಂದ ಮಾತ್ರ ಇದನ್ನ ಹೇಳಂಗಿಲ್ಲ.

ಆಪರೇಷನ್ ನೆನಪಿಲ್ಲ, ನಿದ್ದಿ ಅಷ್ಟ. ಎದ್ದ ಮ್ಯಾಲ ಹೊಟ್ಟಿಗಿಂತ ಬಲಗಡಿ ಹೆಗಲು ಜಾಸ್ತಿ ನೋಯ್ತು, ಸಂಧಿವಾತ ಎದ್ದು ಕುಂತಿತೇನೋ ಅಂತ ಎದಿ ಧಸಕ್ಕಂತು. ಅಲ್ಲ, ಹೊಟ್ಟಿ ಉಬ್ಬಿಸಾಕ ತುಂಬಿದ ಕಾರ್ಬನ್ ಡೈಆಕ್ಸೈಡ್ ಗ್ಯಾಸು, ಅದು ಎದಿ-ಹೊಟ್ಟಿ ನಡುವಿನ ಪರದೆಗೆ ತಾಗಿ ಹೆಗಲಿಗೆ ನೋವು ಕಳಿಸ್ತೈತಿ. ಅಡ್ಡಾಡಿದ್ರ ಇಳಿತೈತಿ ಅಂದ್ರು, ವಾರ್ಡಿನ್ಯಾಗ ಗ್ವಾಡಿ ಹಿಡ್ಕೊಂಡು ಅಡ್ಡಾಡಿದೆ, ಇಳೀತು.

ಊಟದ ಬಗ್ಗೆ ಇನ್ನ ಜೀವನದಾಗ ಎಣ್ಣಿ ಇಲ್ಲ ಅಂದವ್ರು ಭಾಳ ಮಂದಿ. ಪಿತ್ತ ಮಾಡೋದು ಲಿವರ್, ದಿನಕ್ಕ ಅರ್ಧ ಲೀಟರ್‌ನಿಂದ ಒಂದು ಲೀಟರ್, ಪಿತ್ತಕೋಶ ಅದನ್ನ ಕೂಡಿಡೋ ಚೀಲ, ಹಿಡಿಯೋದು 30-50 ಎಂಎಲ್ ಅಷ್ಟ. ಚೀಲ ಹೋದ್ರ ಪಿತ್ತ ಸೀದಾ ಕರಳಿಗೆ ಇಳೀತೈತಿ, ಮೊದಲ ಒಂದಿಷ್ಟು ದಿನ ಹೊಟ್ಟಿ ಸಡ್ಲ ಆಗಬಹುದು. ನುಚ್ಚು-ಮಜ್ಜಿಗಿ, ಬ್ಯಾಳಿ ಕಟ್ಟು, ಮೆತ್ತನ ರೊಟ್ಟಿ ಹಂಗ ಶುರು ಮಾಡಿ ಈಗ ಶೇಂಗಾ ಹಿಂಡಿ ತಿಂತೀನಿ. ಭಜಿ ಒಂದ ತಿಂದು ಎರಡನೇದಕ್ಕ ಕೈ ಹಿಂದ ತಗೀತೀನಿ.

ತಗದ ಪಿತ್ತಕೋಶದ ಬಯಾಪ್ಸಿ ರಿಪೋರ್ಟ್ ಸುದ್ದ ಬಂತು. ಬೆರಳು ಹಂಗ ಅದಾವ, ಚಳಿ ಬಂದ್ರ ಬಾಯುತಾವು. ಇನ್ನೊಂದು ಹೇಳೋದು ಉಳದೈತಿ, ಹೆಣ್ಣಮಕ್ಕಳಿಗೆ ಮಾತ್ರ: ಹೊಕ್ಕಳ ಹತ್ರ ಒಂದು ತೂತು ಇರ್ತೈತಿ, ಲಂಗದ ಲಾಡಿ ಕರೆಕ್ಟ್ ಅದರ ಮ್ಯಾಲ ಬಂದು ತಿಕ್ಕತೈತಿ. ಲಾಡಿ ಬಿಟ್ಟು ಅಗಲ ಎಲಾಸ್ಟಿಕ್ ಹಾಕಿಸ್ರಿ, ನಿಮ್ಮ ಸೊಂಟದ ಅಳತಿಗಿಂತ ಎರಡು ಇಂಚು ಸಡ್ಲ ಇಡಾಕ ಹೇಳ್ರಿ ಟೇಲರಿಗೆ.