ವಿಧವಾ ಪಿಂಚಣಿ ಮಾಡಿಸಿಕೊಡುವುದು ಹೇಗೆ? ಮೊದಲು ಆ ಪ್ಲಾಸ್ಟಿಕ್ ಕವರ್ ಬಿಚ್ಚಿ

ನೀವು ಆಶಾ ಕಾರ್ಯಕರ್ತೆ ಆಗಿರಬಹುದು, ಸಂಜೀವಿನಿ ಸಂಘದಲ್ಲಿ ಲೆಕ್ಕ ಬರೆಯುವವರಾಗಿರಬಹುದು, ಅಥವಾ ಸುಮ್ನೆ ಊರಲ್ಲಿ ನಾಲ್ಕಕ್ಷರ ಓದಿದವರು ಅನ್ನಿಸಿಕೊಂಡಿರಬಹುದು. ‘ಒಂದು ಅರ್ಜಿ ಹಾಕ್ಸಿಕೊಡಪ್ಪಾ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನೂ ಶುರುವಿನಲ್ಲಿ ಅರ್ಜಿ ತುಂಬುವುದೇ ಕೆಲಸ ಅಂದುಕೊಂಡಿದ್ದೆ. ಅದು ಹತ್ತು ನಿಮಿಷದ ಕೆಲಸ. ಉಳಿದ ಎರಡು ಮೂರು ತಿಂಗಳು ಹೋಗುವುದು ಕಾಗದಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ.

ವಿಧವಾ ಪಿಂಚಣಿಯನ್ನೇ ತೆಗೆದುಕೊಳ್ಳೋಣ. 2021ರಲ್ಲಿ ಅದನ್ನು ತಿಂಗಳಿಗೆ 600ರಿಂದ 800 ರೂಪಾಯಿಗೆ ಏರಿಸಿದರು. ಎಂಟುನೂರಕ್ಕೆ ಇಷ್ಟೆಲ್ಲಾ ಓಡಾಟವಾ ಅಂತ ಅನ್ನಿಸಬಹುದು. ಆ ಮಾತನ್ನು ಆ ಮನೆಯಲ್ಲಿ ಕೂತು ಹೇಳಿ ನೋಡಿ! ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜೇನೋ ಉಳಿಯಿತು, ಆದರೆ ನಾಡಕಚೇರಿಗೆ ಒಂದು ಸಲ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾನು ಅರ್ಜಿ ಎಣಿಸುವುದಿಲ್ಲ, ಅವರನ್ನು ಎಷ್ಟು ಸಲ ಓಡಾಡಿಸಿದೆ ಅನ್ನುವುದನ್ನು ಎಣಿಸುತ್ತೇನೆ.

ಮೊದಲು ಮನೆಯಲ್ಲಿ ಕೂತುಕೊಳ್ಳಿ

ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಟ್ರಂಕಿನೊಳಗೋ, ದೇವರ ಫೋಟೋ ಹಿಂದೆಯೋ. ಆಧಾರ್, ರೇಷನ್ ಕಾರ್ಡ್, ವೋಟರ್ ಐಡಿ, ಪಾಸ್‌ಬುಕ್ ಎಲ್ಲವನ್ನೂ ಚಾಪೆ ಮೇಲೆ ಹರಡಿ. ಹೆಸರು ಒಂದೇ ಥರ ಇದೆಯಾ ನೋಡಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ರೇಷನ್ ಕಾರ್ಡಿನಲ್ಲಿ ‘ಲಕ್ಕಮ್ಮ’, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು, ಹೀಗಿರುವುದು ತೀರಾ ಮಾಮೂಲು. ಊರಿಗೆಲ್ಲ ಒಬ್ಬರೇ ಲಕ್ಕಮ್ಮ ಆದರೂ ಕಂಪ್ಯೂಟರಿಗೆ ಅವರು ಮೂರು ಜನ. ವಯಸ್ಸನ್ನೂ ನೋಡಿ. ಮಗನಿಗೆ 45, ತಾಯಿಗೆ 52 ಅಂತ ಇರುವ ಆಧಾರ್‌ಗಳನ್ನು ನಾನೇ ಕಂಡಿದ್ದೇನೆ. 65 ದಾಟಿದವರಾದರೆ ಸಂಧ್ಯಾ ಸುರಕ್ಷಾ ಅನ್ನುವ ವೃದ್ಧರ ಪಿಂಚಣಿಯಲ್ಲಿ 1,200 ರೂಪಾಯಿ ಇದೆ. ಎರಡೂ ಪಿಂಚಣಿ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಯಾವುದಕ್ಕೆ ಹಾಕಬೇಕು ಅನ್ನುವುದೂ ಈ ಚಾಪೆ ಮೇಲೇ ತೀರ್ಮಾನವಾಗಬೇಕು.

ಹೆಸರಿನ ತಿದ್ದುಪಡಿಯನ್ನು ಅರ್ಜಿಗೆ ಮುಂಚೆಯೇ ಮುಗಿಸಿ. ಆಮೇಲೆ ನೋಡೋಣ ಅಂದರೆ ಇನ್ನೂ ನಾಲ್ಕು ದಿನದ ಕೂಲಿ ಹೋಗುತ್ತದೆ.

ಗಂಡನ ಮರಣ ಪ್ರಮಾಣಪತ್ರ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸಾವಿನ ಮನೆಯಲ್ಲಿ ತಿಥಿ ನೆನಪಿರುತ್ತದೆ, ನೋಂದಣಿ ಯಾರಿಗೂ ನೆನಪಿರುವುದಿಲ್ಲ. 21 ದಿನದೊಳಗೆ ತಿಳಿಸಿದರೆ ದುಡ್ಡು ಕಟ್ಟಬೇಕಿಲ್ಲ. 30 ದಿನದವರೆಗೆ ಸಣ್ಣ ದಂಡ ಕಟ್ಟಿದರೆ ಆಯಿತು. ಅದು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷವೇ ದಾಟಿದ್ದರೆ ಮೊದಲು ಕೋರ್ಟಿನಿಂದ ಆದೇಶ ತರಬೇಕಿತ್ತು, 2023ರಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೆ ಆ ಅಧಿಕಾರ ಜಿಲ್ಲಾ ಮತ್ತು ಉಪವಿಭಾಗ ದಂಡಾಧಿಕಾರಿಗಳಿಗೆ ಬಂದಿದೆ. ಅಲ್ಲಿಗೆ ಅವರನ್ನು ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಪ್ರಮಾಣಪತ್ರದಲ್ಲಿ ಹೆಂಡತಿಯ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬಂದಿದೆಯಾ ಅಂತ ಅಲ್ಲೇ ಕಿಟಕಿ ಹತ್ತಿರ ನಿಂತು ಓದಿ. ನಾನು ಒಮ್ಮೆ ಓದದೇ ಬಂದು, ಒಂದು ಒತ್ತಕ್ಷರ ತಪ್ಪಾಗಿದ್ದಕ್ಕೆ ಮತ್ತೆ ಮೂರು ಸಲ ಅಲೆದಿದ್ದೇನೆ.

ಅರ್ಜಿ ಮತ್ತು ಸಕಾಲ ನಂಬರ್

ಇದು ಸುಲಭ. ನಾಡಕಚೇರಿಯಲ್ಲಿ ಹಾಕಬಹುದು, ಗ್ರಾಮ ಒನ್ ಕೇಂದ್ರದಲ್ಲೂ ಹಾಕಬಹುದು. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿದ್ದರೆ ಅದರ ಅವಧಿ ಐದು ವರ್ಷ, ತಾರೀಖು ನೋಡಿಕೊಳ್ಳಿ. ಹಾಕಿದ ಮೇಲೆ ‘ಆಯ್ತು ಹೋಗಮ್ಮ’ ಅಂದರೆ ಎದ್ದು ಬರಬೇಡಿ. ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ 15 ಅಂಕಿಯ ಸಕಾಲ ನಂಬರ್ ಇರುತ್ತದೆ. ಸಕಾಲ ಅಂದರೆ ಸರ್ಕಾರಿ ಕೆಲಸ ಇಷ್ಟು ದಿನದೊಳಗೆ ಆಗಬೇಕು ಅಂತ ಗಡುವು ಹಾಕುವ ಕಾಯ್ದೆ. 2012ರಿಂದ ಜಾರಿಯಲ್ಲಿರುವ ಇದರ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಪರಿಹಾರಕ್ಕಿಂತ ಆ ನಂಬರ್ ಕೈಯಲ್ಲಿ ಹಿಡಿದು ಮಾತಾಡುವುದರಲ್ಲೇ ಲಾಭ ಜಾಸ್ತಿ ಅನ್ನುವುದು ನನ್ನ ಅನುಭವ. ‘ಯಾವ ಅರ್ಜಿ?’ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ದುಡ್ಡು ಎಲ್ಲಿಗೆ ಹೋಯಿತು?

ಮಂಜೂರಾತಿ ಆದೇಶ ಬಂದರೂ ಕೆಲವರಿಗೆ ತಿಂಗಳುಗಟ್ಟಲೆ ದುಡ್ಡು ಬರುವುದಿಲ್ಲ. ಕಾರಣ ಸಾಮಾನ್ಯವಾಗಿ ಬ್ಯಾಂಕು. ಆಧಾರ್ ಆಧಾರಿತ ಪಾವತಿ ಕೊನೆಯದಾಗಿ ಯಾವ ಖಾತೆಗೆ ಆಧಾರ್ ಮ್ಯಾಪ್ ಆಗಿದೆಯೋ ಅಲ್ಲಿಗೆ ಹೋಗುತ್ತದೆ, ನಾವು ಕೊಟ್ಟ ಪಾಸ್‌ಬುಕ್ಕಿಗೇ ಬರಬೇಕು ಅಂತೇನಿಲ್ಲ. ಯಾವಾಗಲೋ ಸಂಘದ ಸಾಲಕ್ಕೆ ತೆರೆದು ಮರೆತ ಖಾತೆಯಲ್ಲಿ ಏಳು ತಿಂಗಳ ಪಿಂಚಣಿ ತಣ್ಣಗೆ ಕೂತಿದ್ದನ್ನು ನಾನು ಕಂಡಿದ್ದೇನೆ. ಈ ಮ್ಯಾಪಿಂಗ್ ಇರುವುದು ಎನ್‌ಪಿಸಿಐ ಅನ್ನುವ ಪಾವತಿ ಸಂಸ್ಥೆಯಲ್ಲಿ. ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ’ ಅಂತ ಇದೇ ಮಾತಿನಲ್ಲಿ ಕೇಳಿ. ‘ಆಧಾರ್ ಲಿಂಕ್ ಆಗಿದೆಯಾ’ ಅಂದರೆ ಆಗಿದೆ ಅಂತ ಹೇಳಿ ಕಳಿಸುತ್ತಾರೆ, ಎರಡೂ ಬೇರೆ ಬೇರೆ. ಓಡಾಡಲು ಆಗದವರಿಗೆ ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಖಾತೆ ಒಳ್ಳೆಯದು, ಪೋಸ್ಟ್‌ಮನ್ ಮನೆಗೇ ಬಂದು ದುಡ್ಡು ಕೊಡಬಹುದು. ಹೊಲದ ಕೆಲಸ ಮಾಡಿ ಬೆರಳು ಸವೆದವರಿಗೆ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಆಗ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ.

ಒಟಿಪಿ ಬಂದರೆ ಅವರ ಕೈಯಲ್ಲೇ ಓದಿಸಿ, ಓದಲು ಬಾರದಿದ್ದರೆ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಊರಲ್ಲಿ ನಾಳೆ ಯಾರಾದರೂ ಬೆರಳು ತೋರಿಸಿದರೆ ನಿಮಗೂ ಕಷ್ಟ, ಅಲ್ವಾ?

ಮೊದಲ ಕಂತು ಬಂದು ಪಾಸ್‌ಬುಕ್‌ನಲ್ಲಿ ಎಂಟ್ರಿ ಬೀಳುವವರೆಗೆ ಕೆಲಸ ಮುಗಿದಿಲ್ಲ. ಅದಾದ ಮೇಲೆ ರೇಷನ್ ಕಾರ್ಡಿನಲ್ಲಿ ತೀರಿಕೊಂಡವರ ಹೆಸರು ತೆಗೆಸಿ, ಮನೆ ಯಜಮಾನಿ ಯಾರು ಅಂತ ಬರೆದಿದೆ ನೋಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಆ ಹೆಸರಿನ ಮೇಲೇ ನಿಂತಿರುತ್ತದೆ.

ಆ ಪ್ಲಾಸ್ಟಿಕ್ ಕವರ್ ಮಾತ್ರ ಅವರ ಮನೆಯಲ್ಲೇ ಇರಲಿ. ನೀವು ಜೆರಾಕ್ಸ್ ಇಟ್ಟುಕೊಳ್ಳಿ, ಮೂಲ ಕಾಗದ ಬೇಡ. ಒಂದು ಸಲ ಒಬ್ಬ ಅಜ್ಜಿಯ ರೇಷನ್ ಕಾರ್ಡ್ ನನ್ನ ಬ್ಯಾಗಿನ ತಳದಲ್ಲಿ ಎರಡು ತಿಂಗಳು ಇತ್ತು. ಆಕೆ ಸಂಕೋಚಕ್ಕೆ ಬಂದು ಕೇಳಿರಲೇ ಇಲ್ಲ.