ಹತ್ತು ನಿಮಿಷದ ಪ್ರವಚನ ಡೆಕ್‌ನಲ್ಲಿ ನಲವತ್ತು ನಿಮಿಷ: ಕನ್ವರ್ಟ್ ಮಾಡದೆ ಸರಿಪಡಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ಬಸ್ಸು, ಲಗೇಜ್ ಆಟೊ, ಟ್ರ್ಯಾಕ್ಟರ್‌ಗಳಿಗೆ ಪೆನ್‌ಡ್ರೈವ್ ತುಂಬಿಸಿಕೊಡುವವರಿಗೆ ಈ ದೂರು ಹೊಸದಲ್ಲ. ನೆಟ್‌ನಿಂದ ಇಳಿಸಿದ ಫೈಲು ಕೇಳೋಕೆ ಸರಿಯಾಗಿರುತ್ತದೆ, ಅವಧಿ ಮಾತ್ರ ಎಲ್ಲಿಂದ ಎಲ್ಲಿಗೋ. ಮುಂದಕ್ಕೆ ಒತ್ತಿದರೆ ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಡೆಕ್ (ಗಾಡಿಯ ಪ್ಲೇಯರ್) ಸರಿಯಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಒಬ್ಬ ಗಿರಾಕಿ ಸುಮಾರು ನಾಲ್ಕು ಸಾವಿರ ಕೊಟ್ಟು ಹೊಸದು ಹಾಕಿಸಿದರು. ಅದರಲ್ಲೂ ಅದೇ ನಲವತ್ತು ನಿಮಿಷ. ಎಲ್ಲವನ್ನೂ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಅನ್ನುವ ಒಂದೇ ಬಿಟ್‌ರೇಟ್‌ಗೆ ಕನ್ವರ್ಟ್ ಮಾಡದೆ ಗತಿಯಿಲ್ಲ ಅಂತ ಮಂಡಿಪೇಟೆ ಕಡೆಯ ಗೆಳೆಯರು ವಾದಿಸುತ್ತಿದ್ದರು. ಕನ್ವರ್ಟ್ ಬೇಡ, ಫೈಲಿನ ಶುರುವಿನಲ್ಲಿ ಅದರ ಮಾಹಿತಿ ಇರುವ ಹೆಡರ್ ಸರಿಮಾಡಿದರೆ ಸಾಕು ಅನ್ನುವುದು ನನ್ನ ಪಟ್ಟು. ಈಗ ಅವರೂ ಇದೇ ದಾರಿಗೆ ಬಂದಿದ್ದಾರೆ.

ಎಂಪಿ3ಯಲ್ಲಿ ಅವಧಿ ಅಂತ ಒಂದು ಕಡೆ ಕಡ್ಡಾಯವಾಗಿ ಬರೆದಿರುವುದಿಲ್ಲ. ಮೊದಲ ಫ್ರೇಮಿನಲ್ಲಿ (ಫ್ರೇಮು ಅಂದರೆ ಧ್ವನಿಯ ಒಂದು ಚಿಕ್ಕ ತುಂಡು) ಝಿಂಗ್ ಹೆಡರ್ ಇದ್ದರೆ ಅದರಲ್ಲಿ ಫ್ರೇಮುಗಳ ಎಣಿಕೆ ಸಿಗುತ್ತದೆ. 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಫ್ರೇಮು 1152 ಸ್ಯಾಂಪಲ್, ಅಂದರೆ ಸುಮಾರು 26 ಮಿಲಿಸೆಕೆಂಡು. ಗುಣಿಸಿದರೆ ಅವಧಿ ಬಂತು. ಹೆಡರ್ ಇಲ್ಲದಿದ್ದರೆ ಪ್ಲೇಯರ್ ಮೊದಲ ಫ್ರೇಮಿನ ಬಿಟ್‌ರೇಟ್ ಹಿಡಿದು ಫೈಲಿನ ಗಾತ್ರವನ್ನು ಭಾಗಿಸಿಬಿಡುತ್ತದೆ. ಪ್ರವಚನ, ಹರಿಕಥೆಯ ವಿಬಿಆರ್ (ಬಿಟ್‌ರೇಟ್ ಏರಿಳಿಯುವ) ಫೈಲುಗಳು ಹೆಚ್ಚಾಗಿ ಮೌನದಿಂದ ಶುರುವಾಗುತ್ತವೆ, ಆ ಮೌನದ ಫ್ರೇಮು 32 ಕೆಬಿಪಿಎಸ್. ಒಟ್ಟು ಸರಾಸರಿ 128 ಇರುವ ಹತ್ತು ನಿಮಿಷದ ಫೈಲು ಸುಮಾರು 9.6 ಎಂಬಿ. ಅದನ್ನು 32ರ ಲೆಕ್ಕಕ್ಕೆ ಹಾಕಿ, ನಲವತ್ತು ನಿಮಿಷವೇ ಬರುತ್ತದೆ.

ಮೊದಲು ಅಳತೆ, ಆಮೇಲೆ ರಿಪೇರಿ. ಈ ಕ್ರಮ ತಪ್ಪಿಸಲೇಬಾರದು. ಎಫ್‌ಎಫ್‌ಎಂಪೆಗ್ ಅನ್ನುವ ಕಮಾಂಡ್ ಪ್ರೋಗ್ರಾಮಿಗೆ ಫೈಲು ಕೊಟ್ಟು, ಔಟ್‌ಪುಟ್ ಫಾರ್ಮ್ಯಾಟ್ ನಲ್ ಅಂತ (ಹೊಸ ಫೈಲು ಬರೆಯದಂತೆ) ಹಾಕಿ ಪೂರ್ತಿ ಡಿಕೋಡ್ ಮಾಡಿಸಬೇಕು. ಕೊನೆಯ ಸಾಲಿನ ಟೈಮ್ ನಿಜವಾದ ಉದ್ದ. ಹಳೇ ಐ3 ಯಂತ್ರದಲ್ಲೂ ಒಂದು ಗಂಟೆಯ ಫೈಲಿಗೆ ಅರ್ಧ ನಿಮಿಷ ಆಗುವುದಿಲ್ಲ. ಅದರ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಹೇಳುವ ಡ್ಯೂರೇಶನ್ ಪಕ್ಕಕ್ಕೆ ಬರೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸದಲ್ಲೇ ಕಾಯಿಲೆ ಯಾವುದು ಅಂತ ತಿಳಿಯುತ್ತದೆ.

ಹೆಡರ್ 52 ನಿಮಿಷ ಹೇಳಿ ಡಿಕೋಡ್ 31ಕ್ಕೆ ಮುಗಿದರೆ ಅದು ಅರ್ಧಕ್ಕೆ ಕಡಿದ ಡೌನ್‌ಲೋಡ್. ಝಿಂಗ್ ಹೆಡರ್‌ನಲ್ಲಿ ಸಾಮಾನ್ಯವಾಗಿ ಬೈಟುಗಳ ಎಣಿಕೆಯೂ ಇರುತ್ತದೆ. ಫೈಲಿನ ಗಾತ್ರ ಅದಕ್ಕಿಂತ ಗಣನೀಯವಾಗಿ ಕಡಿಮೆ ಇದ್ದರೆ ಅನುಮಾನವೇ ಬೇಡ, ಮತ್ತೆ ಇಳಿಸಿಕೊಳ್ಳಿ. ಅಳೆಯದೆ ರಿಪೇರಿಗೆ ಹಾಕಿದರೆ ಹೊಸ ಹೆಡರ್ 31 ನಿಮಿಷ ಅಂತ ಬರೆದುಕೊಂಡು ಫೈಲು ಪೂರ್ತಿ ಇರುವಂತೆಯೇ ಕಾಣುತ್ತದೆ. ಪ್ರವಚನದ ಕೊನೆ ಹೋಗಿರುವುದು ಯಾರಿಗೂ ಗೊತ್ತಾಗುವುದಿಲ್ಲ, ಗಿರಾಕಿ ಕೇಳುವವರೆಗೆ.

ಹೆಡರ್ ಇಲ್ಲದ್ದಕ್ಕೆ ಮದ್ದು ಸುಲಭ: ಎಫ್‌ಎಫ್‌ಎಂಪೆಗ್‌ನಲ್ಲಿ ಕೋಡೆಕ್ ಕಾಪಿ ಅಂತ ಕೊಟ್ಟು ಇನ್ನೊಂದು ಹೆಸರಿಗೆ ಬರೆಸಿ. ಧ್ವನಿಯನ್ನು ಮುಟ್ಟುವುದಿಲ್ಲ, ಝಿಂಗ್ ಹೆಡರ್ ತಾನೇ ಸೇರಿಸುತ್ತದೆ, ಗಂಟೆಯ ಫೈಲು ಕ್ಷಣದಲ್ಲಿ ಮುಗಿಯುತ್ತದೆ. ಜೊತೆಗೆ ಐಡಿ3 (ಹಾಡಿನ ಹೆಸರು, ಚಿತ್ರ ಇರುವ ಟ್ಯಾಗು) ವರ್ಷನ್ 3 ಅಂತ ಹೇಳಿ; ಸುಮ್ಮನೆ ಬಿಟ್ಟರೆ 2.4 ಬರೆಯುತ್ತದೆ, ಹಳೇ ಡೆಕ್‌ಗಳಿಗೆ ಅದು ಓದಲು ಬರುವುದಿಲ್ಲ. ಆಡಿಯೊ ಮಾತ್ರ ಮ್ಯಾಪ್ ಮಾಡಿ ಚಿತ್ರ ಬಿಟ್ಟುಬಿಡುವುದೂ ಒಳ್ಳೆಯದು. 3 ಎಂಬಿಯ ಕವರ್ ಚಿತ್ರವನ್ನೂ ಹಾಡಿನ ಲೆಕ್ಕಕ್ಕೇ ಸೇರಿಸುವ ಅಗ್ಗದ ಪ್ಲೇಯರ್‌ನಲ್ಲಿ 128ರ ಹಾಡು ಮೂರು ನಿಮಿಷ ಹೆಚ್ಚು ತೋರಿಸುತ್ತದೆ. ವಿಂಡೋಸ್‌ನಲ್ಲೇ ಕೂತು ಮಾಡುವವರಿಗೆ ಫೂಬಾರ್2000 ಪ್ಲೇಯರ್‌ನ ಯುಟಿಲಿಟೀಸ್ ಮೆನುವಿನಲ್ಲಿರುವ ವಿಬಿಆರ್ ಹೆಡರ್ ರಿಪೇರಿಯೂ ಆಗುತ್ತದೆ.

ಭಾಗಗಳನ್ನು ವಿಂಡೋಸ್‌ನ ಕಾಪಿ ಕಮಾಂಡ್‌ನಲ್ಲಿ ಅಂಟಿಸಿದ ಫೈಲು ಬೇರೆ ಜಾತಿ. ಮೊದಲ ತುಂಡಿನ ಹೆಡರ್ ಹಾಗೇ ಉಳಿದು 48 ನಿಮಿಷದ್ದು 12 ಅಂತ ತೋರಿಸುತ್ತದೆ, ಕೆಲವು ಡೆಕ್ 12ಕ್ಕೇ ಮುಂದಿನ ಹಾಡಿಗೆ ಹಾರುತ್ತದೆ. ಇಲ್ಲಿ ಬರೀ ಕೋಡೆಕ್ ಕಾಪಿ ಸಾಲದು, ನಡುವೆ ಸಿಕ್ಕಿಕೊಂಡ ಟ್ಯಾಗುಗಳನ್ನೂ ತೆಗೆಯಬೇಕು. ನಾನು ಎಂಪಿ3ಯ ದೋಷ ಹುಡುಕಿ ತಿದ್ದುವ ಎಂಪಿ3ವ್ಯಾಲ್ ಓಡಿಸಿ ಆಮೇಲೆ ಕೋಡೆಕ್ ಕಾಪಿ ಮಾಡುತ್ತೇನೆ. ಇವೆರಡರ ನಡುವೆ ಇನ್ನೊಂದು ಹೆಜ್ಜೆ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಂ4ಎ (ಎಎಸಿ ಧ್ವನಿ ತುಂಬಿದ ಇನ್ನೊಂದು ಬಗೆಯ ಫೈಲು) ಸರಿಯಾಗಿ ಎರಡರಷ್ಟು ತೋರಿಸಿದರೆ, ನಾಲ್ಕೂವರೆ ನಿಮಿಷದ್ದು ಒಂಬತ್ತು ಅಂತ, ಅದು ಹೆಚ್ಚಾಗಿ ಸ್ಟ್ರೀಮಿಂಗ್ ಸೈಟುಗಳು ಕಳಿಸುವ ಡ್ಯಾಶ್ ತುಂಡುಗಳಿಂದ ಬಂದದ್ದು. ಅದಕ್ಕೂ ಕೋಡೆಕ್ ಕಾಪಿಯೇ. ಬರೀ ಎಎಸಿ ಅಂತ ಕೊನೆಗೊಳ್ಳುವ ರೇಡಿಯೊ ಸ್ಟ್ರೀಮ್ ರೆಕಾರ್ಡಿಂಗ್‌ಗಳಲ್ಲಿ ಅವಧಿ ಬರೆಯಲು ಜಾಗವೇ ಇಲ್ಲ, ಅವನ್ನು ಎಂ4ಎ ಒಳಗೆ ಸೇರಿಸಬೇಕು. ಹೆಸರು ಎಂಪಿ3 ಅಂತಿದ್ದು ಒಳಗೆ ಎಂ4ಎ ಇರುವ ಫೈಲುಗಳೂ ಬೇಕಾದಷ್ಟು ಬರುತ್ತವೆ. ಎಫ್‌ಎಫ್‌ಪ್ರೋಬ್ ಹೇಳಿದ್ದನ್ನೇ ನಂಬಿ, ಹೆಸರನ್ನಲ್ಲ.

ದಂಡವಾದ ಪ್ರಯತ್ನಗಳೂ ಇವೆ. ಟ್ಯಾಗ್ ಎಡಿಟರ್‌ನಲ್ಲಿ ಟಿಎಲ್‌ಇಎನ್ ಅನ್ನುವ ಅವಧಿ ಖಾನೆ ತಿದ್ದಿ ನೋಡಿದೆ, ನಾನು ಕಂಡ ಒಂದು ಡೆಕ್ಕೂ ಅದನ್ನು ಓದಲಿಲ್ಲ. ಎಲ್ಲವನ್ನೂ 128ಕ್ಕೆ ಎನ್‌ಕೋಡ್ ಮಾಡಿದಾಗ ಅವಧಿ ಸರಿಹೋಯಿತು, ಆದರೆ 64ರಲ್ಲಿದ್ದ ಪ್ರವಚನಗಳ ಗಾತ್ರ ದುಪ್ಪಟ್ಟಾಗಿ 4 ಜಿಬಿ ಕಾರ್ಡಿನ ಜಾಗಕ್ಕೆ 8 ಜಿಬಿಯದು ಕೊಡಬೇಕಾಯಿತು. ತುಂಬಿಸಿದ್ದಕ್ಕೆ ಸಿಗುವುದು ಐವತ್ತು ಅರವತ್ತು ರೂಪಾಯಿ, ಕಾರ್ಡಿನ ವ್ಯತ್ಯಾಸದಲ್ಲೇ ಅದು ಕರಗುತ್ತದೆ. ಧ್ವನಿಯೂ ಇನ್ನೊಂದು ಸುತ್ತು ಕೆಡುತ್ತದೆ.

ಈ ನಡುವೆ ಒಂದು ಪರೀಕ್ಷೆಯ ಪೆನ್‌ಡ್ರೈವ್ ಮಾಡಿಕೊಂಡೆ, ದುಡ್ಡು ಕೊಡುತ್ತೇವೆಂದರೂ ಹೊರಗಿನವರಿಗೆ ನಾನು ಇದನ್ನು ಕೊಟ್ಟಿಲ್ಲ. ಎರಡು ನಿಮಿಷ ಮೌನ, ಆಮೇಲೆ ಮಾತು ಇರುವ ಒಂದೇ ವಿಬಿಆರ್ ಧ್ವನಿ. ಒಂದು ಪ್ರತಿ ಝಿಂಗ್ ಹೆಡರ್ ಸಹಿತ, ಇನ್ನೊಂದು ಎಫ್‌ಎಫ್‌ಎಂಪೆಗ್‌ನ ರೈಟ್ ಝಿಂಗ್ ಆಯ್ಕೆ ಸೊನ್ನೆ ಮಾಡಿ ಹೆಡರ್ ಇಲ್ಲದೆ. ಡೆಕ್ ಹೆಡರ್ ಇರುವುದಕ್ಕೆ ಸರಿಯಾದ ಅವಧಿ, ಇಲ್ಲದ್ದಕ್ಕೆ ತಪ್ಪು ಅವಧಿ ತೋರಿಸಿದರೆ ಅದು ಹೆಡರ್ ಓದುತ್ತದೆ, ನಿಶ್ಚಿಂತೆ. ಹೆಡರ್ ಇರುವುದಕ್ಕೂ ತಪ್ಪು ಉದ್ದ ಬಂದರೆ ಅದು ಹೆಡರ್ ನೋಡುವುದೇ ಇಲ್ಲ. ಅಂಥ ಡೆಕ್‌ಗೆ ಮಾತ್ರ ಸಿಬಿಆರ್ (ಕೊನೆವರೆಗೂ ಒಂದೇ ಬಿಟ್‌ರೇಟ್): ಪ್ರವಚನವಾದರೆ 64 ಕೆಬಿಪಿಎಸ್ ಮೊನೊ, ಗಂಟೆಗೆ ಸುಮಾರು 29 ಎಂಬಿ, ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಜಾನಪದ ಗೀತೆಗಳಿಗೆ 128ಕ್ಕಿಂತ ಕೆಳಗೆ ಇಳಿಸಬೇಡಿ, ಡೊಳ್ಳಿನ ಪೆಟ್ಟು ಸತ್ತುಹೋಗುತ್ತದೆ.

ರಿಪೇರಿ ಮಾಡಿದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕುವಾಗ ಹಳೆಯದನ್ನು ಅಳಿಸಿ ಒಂದೊಂದಾಗಿ ಸೇರಿಸಬೇಡಿ. ಬಹಳ ಡೆಕ್‌ಗಳು ಹೆಸರಿನ ಕ್ರಮ ನೋಡದೆ ಫ್ಯಾಟ್32 ಡೈರೆಕ್ಟರಿಯಲ್ಲಿ ಬರೆದಿರುವ ಕ್ರಮದಲ್ಲೇ ನುಡಿಸುತ್ತವೆ, ಪ್ರವಚನದ ಭಾಗ ಮೂರು ಮೊದಲು ಬಂದುಬಿಡುತ್ತದೆ. ಫಾರ್ಮ್ಯಾಟ್ ಮಾಡಿ, 01, 02 ಅಂತ ಹೆಸರಿಟ್ಟು, ಅದೇ ಕ್ರಮದಲ್ಲಿ ಕಾಪಿ ಮಾಡಿ. ಆಗಲೇ ತುಂಬಿದ್ದಾದರೆ ಡೈರೆಕ್ಟರಿಯ ಕ್ರಮ ಜೋಡಿಸುವ ಫ್ಯಾಟ್‌ಸಾರ್ಟ್ ಓಡಿಸಿದರೂ ಆಗುತ್ತದೆ.